ಫ್ಯಾಮಿಲಿ ಸಿಸ್ಟಮ್ಸ್ ಥೆರಪಿಯ ಪದಗಳನ್ನು ನಮ್ಮ ಕಡೆಯ ಕನ್ನಡದಲ್ಲಿ ಹೇಳುವುದು ಹೇಗೆ?

ಕುಂಬಳೆ_ಕೌನ್ಸಿಲರ್

ಎಲ್ಲರಿಗೂ ನಮಸ್ಕಾರ. ಕಾಸರಗೋಡು, ಮಂಜೇಶ್ವರ ತಾಲೂಕುಗಳ ಕನ್ನಡ ಮಾಧ್ಯಮ ಶಾಲೆಗಳ ಕೌನ್ಸಿಲರ್‌ಗಳಿಗೆ ಫ್ಯಾಮಿಲಿ ಸಿಸ್ಟಮ್ಸ್ ಥೆರಪಿಯ (ಒಬ್ಬರ ತೊಂದರೆಯನ್ನು ಇಡೀ ಮನೆಯ ಸಂಬಂಧಗಳ ಜೊತೆ ಇಟ್ಟು ನೋಡುವ ಚಿಕಿತ್ಸೆ) ಬಗ್ಗೆ ಎಂಟು ಪುಟದ ಒಂದು ಕೈಪಿಡಿ ತಯಾರಾಗುತ್ತಿದೆ. ತರಬೇತಿ ನಡೆದದ್ದು ಇಂಗ್ಲಿಷ್ ಮತ್ತು ಮಲಯಾಳದಲ್ಲಿ. ಮಕ್ಕಳ ಮನೆಯವರು ಎದುರು ಕೂತು ತುಳುವಿನಲ್ಲೋ ಕನ್ನಡದಲ್ಲೋ ಮಾತಾಡುವಾಗ ಈ ಪದಗಳು ಬಾಯಿಗೆ ಬರುವುದಿಲ್ಲ. ನಿಘಂಟು ನೋಡಿ ಮಾಡಿದ ಅನುವಾದವೂ ಮನೆಯವರ ಕಿವಿಯಲ್ಲಿ ಬೇರೆಯೇ ಅರ್ಥ ಕೊಡುತ್ತದೆ.

ಸದ್ಯ ಕರಡಿನಲ್ಲಿ ಡಿಫರೆನ್ಸಿಯೇಶನ್‌ಗೆ 'ಪ್ರತ್ಯೇಕತೆ', ಬೌಂಡರಿಗೆ 'ಗಡಿ', ಎನ್‌ಮೆಶ್‌ಮೆಂಟ್‌ಗೆ 'ಅತಿ ಅಂಟಿಕೆ', ಹೋಮಿಯೋಸ್ಟಾಸಿಸ್‌ಗೆ 'ಸಮತೋಲನ', ಐಡೆಂಟಿಫೈಡ್ ಪೇಷೆಂಟ್‌ಗೆ 'ಗುರುತಿಸಲ್ಪಟ್ಟ ರೋಗಿ' ಎಂದು ಹಾಕಿದೆ. ಟ್ರಯಾಂಗಲ್ ಮತ್ತು ಕೊಯಲಿಶನ್ ಎರಡಕ್ಕೂ ಒಂದೇ ವಿವರಣೆ ಬಂದುಬಿಟ್ಟಿದೆ, ಅದು ತಪ್ಪು ಅನ್ನಿಸುತ್ತದೆ. ಪದಕ್ಕೆ ಪದ ಬೇಡ. ಅದು ಏನನ್ನು ಹೇಳುತ್ತದೆ, ನಮ್ಮ ಮನೆಗಳಲ್ಲಿ ಹೇಗೆ ಕಾಣಿಸುತ್ತದೆ, ಎಲ್ಲಿ ಎಡವುತ್ತೇವೆ, ಇಷ್ಟು ತಿಳಿದವರು ಹೇಳಿದರೆ ಉಪಕಾರ.

ಪಯಸ್ವಿನಿ

ಮೇಡಂ, ಮೊದಲು ಆ 'ಪ್ರತ್ಯೇಕತೆ'ಯನ್ನು ಹೊಡೆದುಹಾಕಿ. ನಮ್ಮಲ್ಲಿ "ಮಗ ಬೇರೆ ಆದ" ಎಂದರೆ ಪಾಲು ಆಯಿತು, ಒಲೆ ಎರಡಾಯಿತು ಎಂದೇ ಅರ್ಥ. ಕೌನ್ಸಿಲರ್ ಬಂದು "ನಿಮ್ಮ ಮಗ ಸ್ವಲ್ಪ ಪ್ರತ್ಯೇಕ ಆಗಬೇಕು" ಎಂದರೆ ತಾಯಿ ಮುಂದಿನ ಸಲ ಶಾಲೆಯ ಮೆಟ್ಟಿಲು ಹತ್ತುವುದಿಲ್ಲ. ಪದದ ಮೂಲ ಅರ್ಥವೂ ಅದಲ್ಲ.

ಡಿಫರೆನ್ಸಿಯೇಶನ್ ಎಂಬ ಮಾತು ತಂದವರು ಮನೋವೈದ್ಯ ಮುರ್ರೇ ಬೋವೆನ್. ಅಮೆರಿಕದ ಬೆಥೆಸ್ಡಾದಲ್ಲಿರುವ ರಾಷ್ಟ್ರೀಯ ಮಾನಸಿಕ ಆರೋಗ್ಯ ಸಂಸ್ಥೆಯಲ್ಲಿ 1954ರಿಂದ 1959ರವರೆಗೆ ಸ್ಕಿಜೋಫ್ರೇನಿಯಾ ಎಂಬ ತೀವ್ರ ಮನೋರೋಗ ಇದ್ದವರನ್ನು ಮೊದಲು ತಾಯಿಯ ಜೊತೆ, ಆಮೇಲೆ ಇಡೀ ಮನೆಯವರ ಜೊತೆ ವಾರ್ಡಿನಲ್ಲಿ ಇರಿಸಿಕೊಂಡು ನೋಡಿದರು. ಒಬ್ಬರ ಆತಂಕ ಇನ್ನೊಬ್ಬರಿಗೆ ಹಬ್ಬಿ, ಯಾರದು ಯಾರ ಭಾವನೆ ಎಂದೇ ತಿಳಿಯದ ಹಾಗೆ ಆಗುವುದನ್ನು ಅಲ್ಲಿ ಕಂಡರು. ಅದರ ಎದುರು ತುದಿಯೇ ಡಿಫರೆನ್ಸಿಯೇಶನ್. ಅದಕ್ಕೆ ಎರಡು ಮುಖ ಉಂಟು. ಒಂದು ಒಳಗಿನದು: ಎದೆ ಹೊಡೆದುಕೊಳ್ಳುತ್ತಿರುವಾಗಲೂ ಇದು ಭಾವನೆ, ಇದು ಯೋಚನೆ ಎಂದು ಬಿಡಿಸಿ ನೋಡಬಲ್ಲ ಶಕ್ತಿ. ಇನ್ನೊಂದು ಸಂಬಂಧದ್ದು: ಮನೆಯವರ ಜೊತೆ ಇದ್ದುಕೊಂಡೇ ತನ್ನ ಮಾತಿನಲ್ಲಿ ನಿಲ್ಲುವುದು.

ಪ್ಲಸ್ ಟೂ ಮುಗಿಸಿದ ಹುಡುಗಿಗೆ ನರ್ಸಿಂಗ್ ಬೇಕು, ತಾಯಿಗೆ ಇಂಜಿನಿಯರಿಂಗೇ ಆಗಬೇಕು ಎಂದಿಟ್ಟುಕೊಳ್ಳಿ. ಹುಡುಗಿ ತೆಪ್ಪಗೆ ಒಪ್ಪಿ ತಿಂಗಳುಗಟ್ಟಲೆ ತಲೆನೋವಿನಲ್ಲಿ ಮಲಗಿದರೆ ಅದು ಫ್ಯೂಶನ್, ತನ್ನದು ಕರಗಿಹೋದದ್ದು. ಜಗಳ ಮಾಡಿ ಮಂಗಳೂರಿನ ಹಾಸ್ಟೆಲ್ ಸೇರಿ ಮನೆಗೆ ಫೋನೇ ಮಾಡದಿದ್ದರೆ ಅದು ಕಟ್‌ಆಫ್. "ಅಮ್ಮಾ, ನಿಮಗೆ ಹೆದರಿಕೆ ಆಗುವುದು ಗೊತ್ತಾಗ್ತದೆ. ನಾನು ನರ್ಸಿಂಗಿಗೇ ಹೋಗುವುದು. ಭಾನುವಾರ ಭಾನುವಾರ ಬರ್ತೇನೆ" ಎಂದು ಹೇಳಿ, ತಾಯಿ ಎರಡು ವಾರ ಮುಖ ಕೊಡದಿದ್ದರೂ ಭಾನುವಾರ ಬಂದರೆ ಅದು ಡಿಫರೆನ್ಸಿಯೇಶನ್. ಎರಡನೆಯದು ಸ್ವಾತಂತ್ರ್ಯದ ಹಾಗೆ ಕಾಣುತ್ತದೆ, ಎಲ್ಲರೂ ಮೋಸ ಹೋಗುವುದು ಅಲ್ಲೇ. ಮಾತು ಬಿಟ್ಟವನು ತನ್ನ ಪ್ರತಿಯೊಂದು ತೀರ್ಮಾನವನ್ನೂ ಅಪ್ಪನಿಗೆ ತದ್ವಿರುದ್ಧವಾಗಿಯೇ ಮಾಡುತ್ತಿದ್ದರೆ ಅವನನ್ನು ನಡೆಸುತ್ತಿರುವುದು ಈಗಲೂ ಅಪ್ಪನೇ. ಕಟ್‌ಆಫ್‌ಗೆ ಹೊಸ ಪದ ಹುಡುಕಬೇಡಿ. 'ಮಾತು ಬಿಡುವುದು', 'ಹೋಗಿಬಂದು ಇಲ್ಲ', ಈ ಎರಡೂ ಎಲ್ಲ ಮನೆಗೂ ಗೊತ್ತು.

ಡಿಫರೆನ್ಸಿಯೇಶನ್‌ಗೆ ನನ್ನ ಸಲಹೆ 'ನೆಲೆ'. ಆದರೆ ನಾಮಪದ ಮಾಡಿ ಒಬ್ಬರ ಹಣೆಗೆ ಅಂಟಿಸಬೇಡಿ. "ಅವನಿಗೆ ನೆಲೆ ಇಲ್ಲ" ಎಂದರೆ ಬೈಗುಳವೇ ಆಯಿತು. "ನೆಲೆ ಬಿಡದೆ, ನಂಟೂ ಬಿಡದೆ ಮಾತಾಡುವುದು" ಎಂದು ಕ್ರಿಯೆಯಾಗಿ ಬರೆಯಿರಿ. ಬೋವೆನ್ 0ಯಿಂದ 100ರ ಒಂದು ಮಾಪಕ ಹೇಳಿದ್ದಾರೆ. ಅದು ವಿಚಾರಕ್ಕಾಗಿ ಮಾತ್ರ, ಮಕ್ಕಳಿಗೆ ಅಂಕ ಕೊಡಲು ಅಲ್ಲ. 1998ರಲ್ಲಿ ಸ್ಕೌರನ್ ಮತ್ತು ಫ್ರೀಡ್‌ಲ್ಯಾಂಡರ್ 43 ಪ್ರಶ್ನೆಗಳ ಬೇರೊಂದು ಅಳತೆ ಮಾಡಿದ್ದಾರೆ, ಅದು ವಯಸ್ಕರಿಗೆ.

ಇನ್ನು ಟ್ರಯಾಂಗಲ್. ಇಬ್ಬರ ನಡುವೆ ಬಿಸಿ ಏರಿದಾಗ ಮೂರನೆಯವರನ್ನು ಎಳೆದುಕೊಳ್ಳುವುದು. ಇದು ರೋಗವಲ್ಲ, ಎಲ್ಲ ಮನೆಯಲ್ಲೂ ದಿನಾ ನಡೆಯುತ್ತದೆ. ಮನೆ ತಣ್ಣಗಿರುವಾಗ ಇಬ್ಬರು ಒಳಗೆ, ಒಬ್ಬರು ಹೊರಗೆ. ಹೊರಗಿನವರಿಗೆ ಒಳಗೆ ಬರುವ ಆಸೆ. ಬಿಸಿ ಏರಿದಾಗ ಇದು ತಿರುಗುತ್ತದೆ, ಹೊರಗಿನ ಜಾಗವೇ ಹಾಯಾಗಿ ಕಾಣುತ್ತದೆ. ಹಾಗಾಗಿ ಟ್ರಯಾಂಗಲ್‌ನಲ್ಲಿ ಜಾಗಗಳು ಬದಲಾಗುತ್ತಿರುತ್ತವೆ. ಕೊಯಲಿಶನ್ ಹಾಗಲ್ಲ. ಇಬ್ಬರು ಕೂಡಿ ಮೂರನೆಯವರ ವಿರುದ್ಧ ಕಟ್ಟಿಕೊಂಡ ಗಟ್ಟಿ ಪಕ್ಷ ಅದು. ಕುಟುಂಬ ಚಿಕಿತ್ಸಕ ಜೇ ಹೇಲಿ 1967ರಲ್ಲಿ ಇದರ ಕೆಟ್ಟ ರೂಪಕ್ಕೆ ಮೂರು ಗುರುತು ಹೇಳಿದರು: ಕೂಡಿಕೊಂಡ ಇಬ್ಬರು ಒಂದೇ ತಲೆಮಾರಿನವರಲ್ಲ, ಅವರು ಕೂಡಿರುವುದು ಇಬ್ಬರಲ್ಲಿ ಒಬ್ಬರ ಸಮಾನರ ವಿರುದ್ಧ, ಕೇಳಿದರೆ "ಅಂಥದ್ದೇನೂ ಇಲ್ಲ" ಎನ್ನುತ್ತಾರೆ. ಅಜ್ಜಿ ಮತ್ತು ಮೊಮ್ಮಗ ಸೇರಿ ಸೊಸೆಯ ಮಾತಿಗೆ ಕಿಮ್ಮತ್ತು ಇಲ್ಲದ ಹಾಗೆ ಮಾಡುವುದು ಇದಕ್ಕೆ ಹತ್ತಿರದ ಸಂಗತಿ. ಟ್ರಯಾಂಗಲ್‌ಗೆ 'ಮುಕ್ಕೋನ', ಇದಕ್ಕೆ 'ಒಳಪಕ್ಷ' ಎಂದರೆ ಬೇರೆ ಬೇರೆ ಎಂದು ಗೊತ್ತಾಗುತ್ತದೆ.

ಕೈಪಿಡಿಯಲ್ಲಿ ದಪ್ಪ ಅಕ್ಷರದಲ್ಲಿ ಹಾಕಬೇಕಾದ ಒಂದು ಮಾತು: ಶಾಲೆಯ ಕೌನ್ಸಿಲರೇ ಮೂರನೆಯ ಮೂಲೆ ಆಗುವುದು ಅತಿ ಸುಲಭ. "ನಾನು ಹೇಳಿದರೆ ಕೇಳುವುದಿಲ್ಲ, ನೀವೇ ಅವನಿಗೆ ಹೇಳಿ" ಎಂದು ತಾಯಿ ಫೋನ್ ಮಾಡಿದಾಗ ಮಾತು ದಾಟಿಸಿದಿರೋ, ಮುಕ್ಕೋನ ಗಟ್ಟಿಯಾಯಿತು. ತಾಯಿಗೆ ಹಾಯೆನಿಸುತ್ತದೆ, ತಾಯಿ ಮಗ ಮಾತಾಡಬೇಕಾದ ವಿಷಯ ಅಲ್ಲೇ ಉಳಿಯುತ್ತದೆ. "ಇದನ್ನು ನೀವೇ ಅವನಿಗೆ ಹೇಳಿದರೆ ಏನಾಗ್ತದೆ?" ಎಂದು ಕೇಳಿ. ಇಬ್ಬರ ಜೊತೆಗೂ ಸಂಪರ್ಕ ಇಟ್ಟುಕೊಳ್ಳಿ. ಒಬ್ಬರ ಗುಟ್ಟನ್ನು ಇನ್ನೊಬ್ಬರಿಂದ ಮುಚ್ಚಿಡುವ ಭರವಸೆ ಕೊಡಬೇಡಿ. ಮಗುವಿನ ಸುರಕ್ಷತೆಯ ವಿಷಯ ಇದಕ್ಕೆ ಹೊರತು. ಅಲ್ಲಿ ಗುಟ್ಟನ್ನು ತೆರೆಯಬೇಕಾದದ್ದು ಮನೆಯವರ ಎದುರಲ್ಲ, ಮಗುವನ್ನು ಕಾಯಬಲ್ಲವರ ಎದುರು.

ಶಿರಿಯ_ಹೊಳೆ

ಪಯಸ್ವಿನಿ ಹೇಳಿದ್ದಕ್ಕೆ ಸೇರಿಸುವುದು ಉಂಟು. 'ಗಡಿ'ಯೂ ಬೇಡ ಮಾರಾಯ್ರೆ. ಗಡಿನಾಡಿನಲ್ಲಿ ಕೂತು ಗಡಿ ಎಂದರೆ ತಲಪಾಡಿ ಚೆಕ್‌ಪೋಸ್ಟೇ ಕಣ್ಣಿಗೆ ಬರುವುದು. ಬೌಂಡರಿ, ಅಂದರೆ ಮನೆಯೊಳಗೆ ಯಾರ ವಿಷಯಕ್ಕೆ ಯಾರು ಎಷ್ಟು ಬರಬಹುದು ಎಂಬ ಗೆರೆ, ಅಂಥ ಕಟ್ಟುನಿಟ್ಟಿನ ವಸ್ತು ಅಲ್ಲ.

ನಮ್ಮ ತೋಟಗಳ ಬೇಲಿಯಲ್ಲಿ 'ತಡಮೆ' ಇರುತ್ತದಲ್ಲ, ಅಡ್ಡ ಕೋಲು ಹಾಕಿದ ದಾರಿ. ಮನುಷ್ಯ ಕಾಲೆತ್ತಿ ದಾಟುತ್ತಾನೆ, ದನ ನುಗ್ಗುವುದಿಲ್ಲ. ಕುಟುಂಬ ಚಿಕಿತ್ಸಕ ಸಾಲ್ವಡಾರ್ ಮಿನುಚಿನ್ ಅವರ ಸ್ಟ್ರಕ್ಚರಲ್ (ಮನೆಯ ಒಳರಚನೆಯನ್ನು ನೋಡುವ) ಪದ್ಧತಿಯಲ್ಲಿ 'ಸ್ಪಷ್ಟ ಬೌಂಡರಿ' ಎಂದರೆ ಇದೇ. ಅವರು ಮೂರು ಬಗೆ ಹೇಳುತ್ತಾರೆ. ತಡಮೆ ಇದ್ದರೆ ಸ್ಪಷ್ಟ. ಬೇಲಿಯೇ ಇಲ್ಲದಿದ್ದರೆ ಮಸುಕು, ಆ ಕಡೆಗೆ ಒಬ್ಬರಿಗೊಬ್ಬರು ಅಂಟಿಹೋಗುವ ಎನ್‌ಮೆಶ್‌ಮೆಂಟ್. ಮುಳ್ಳುಬೇಲಿ ಹಾಕಿ ದಾರಿ ಮುಚ್ಚಿದರೆ ಬಿಗಿ, ಆ ಕಡೆಗೆ ಒಬ್ಬರಿಗೊಬ್ಬರು ಸಂಬಂಧವೇ ಇಲ್ಲದಂತಾಗುವ ಡಿಸ್‌ಎಂಗೇಜ್‌ಮೆಂಟ್. ಬೇಲಿ ಇರುವುದು ಇಬ್ಬಿಬ್ಬರು ಮನುಷ್ಯರ ನಡುವೆ ಮಾತ್ರವಲ್ಲ, ಒಳಗುಂಪುಗಳ ನಡುವೆ: ಗಂಡ–ಹೆಂಡತಿ ಎಂಬ ಜೋಡಿ, ಅಪ್ಪ–ಅಮ್ಮ ಎಂಬ ಜೋಡಿ (ಅದೇ ಇಬ್ಬರು, ಆದರೆ ಕೆಲಸ ಬೇರೆ), ಅಣ್ಣತಮ್ಮ ಅಕ್ಕತಂಗಿಯರ ಗುಂಪು. ಮನೆಸಾಲದ ಕಂತು ಕಟ್ಟಲಾಗದ ಚಿಂತೆಯನ್ನು ತಾಯಿ ಹತ್ತು ವರ್ಷದ ಮಗಳ ಹತ್ತಿರ ರಾತ್ರಿ ಹೇಳಿಕೊಂಡು ಅಳುತ್ತಿದ್ದರೆ ಆ ಬೇಲಿ ಬಿದ್ದಿದೆ. ಮಗು ತಾಯಿಗೆ ತಾಯಿ ಆಗಿದೆ. ಇದನ್ನೇ ಪೇರೆಂಟಿಫಿಕೇಶನ್ ಎನ್ನುವುದು. ಅಮ್ಮ ಜ್ವರದಲ್ಲಿ ಮಲಗಿದಾಗ ಮಗಳು ಗಂಜಿ ಬೇಯಿಸಿದರೆ ಅದು ಪೇರೆಂಟಿಫಿಕೇಶನ್ ಅಲ್ಲ. ಕೆಲಸ ಎಷ್ಟು ಎಂಬುದಕ್ಕಿಂತ, ಆ ಕೆಲಸವನ್ನು ಯಾರಾದರೂ ಗುರುತಿಸುತ್ತಾರಾ, ಅದಕ್ಕೆ ಕೊನೆ ಉಂಟಾ, ಅದು ಮಗುವಿನ ವಯಸ್ಸಿಗೆ ತಕ್ಕದ್ದಾ ಎಂದು ನೋಡಬೇಕು.

'ಸಮತೋಲನ'ವನ್ನೂ ತೆಗೆಯಿರಿ. ಕೇಳಿದವರಿಗೆ ಅದು ಒಳ್ಳೆಯದು ಅನ್ನಿಸುತ್ತದೆ. ಮನೋವೈದ್ಯ ಡಾನ್ ಜಾಕ್ಸನ್ 1957ರಲ್ಲಿ ಹೋಮಿಯೋಸ್ಟಾಸಿಸ್ ಎಂದದ್ದು ಮನೆ ತನ್ನ ಹಳೇ ಜಾಡಿಗೆ ಮರಳುವುದನ್ನು. ಆ ಜಾಡು ಒಳ್ಳೆಯದೋ ಕೆಟ್ಟದ್ದೋ ಎಂಬುದು ಬೇರೆ ಮಾತು. ಶಾಲೆ ಬಿಟ್ಟಿದ್ದ ಹುಡುಗ ಮತ್ತೆ ಬರತೊಡಗಿದ ವಾರವೇ ಅಪ್ಪ ಅಮ್ಮನ ಜಗಳ ಜೋರಾಗಬಹುದು, ಇಲ್ಲವೇ ತಂಗಿಗೆ ಹೊಟ್ಟೆನೋವು ಶುರುವಾಗಬಹುದು. ಕೌನ್ಸಿಲರ್ ಇದನ್ನು ಸೋಲು ಎಂದುಕೊಂಡು ಕೈಬಿಡುತ್ತಾರೆ. ಬೋವೆನ್ ಈ ಎಳೆತದ ಮೂರು ಹಂತ ಗುರುತಿಸಿದ್ದರು: "ನೀನು ಮಾಡಿದ್ದು ತಪ್ಪು", "ಮೊದಲಿನ ಹಾಗೆ ಇರು", "ಇಲ್ಲದಿದ್ದರೆ ನೋಡು". ಇದು ಬರುತ್ತದೆ ಎಂದು ಮನೆಯವರಿಗೆ ಮೊದಲೇ ಹೇಳಿಟ್ಟರೆ ಅರ್ಧ ಕೆಲಸ ಆದಂತೆ. 'ಹಳೇ ಜಾಡು' ಎಂದೇ ಹಾಕಿ.

ಐಡೆಂಟಿಫೈಡ್ ಪೇಷೆಂಟ್‌ಗೆ 'ಬೊಟ್ಟು ಮಾಡಿಸಿಕೊಂಡವರು' ಸಾಕು. ಎಲ್ಲರ ಬೆರಳು ಯಾರ ಕಡೆಗೋ ಅವರು. ಅಲ್ಲಿ 'ರೋಗಿ' ಶಬ್ದವೇ ಬೇಡ.

ಬದಿಯಡ್ಕ_ಬಸ್‌ಸ್ಟ್ಯಾಂಡ್

ತಡಮೆ ಚಂದ ಉಂಟು, ಒಪ್ಪಿದೆ. ಆದರೆ ಎನ್‌ಮೆಶ್‌ಮೆಂಟ್ ವಿಷಯದಲ್ಲಿ ಒಂದು ತಕರಾರು. ಆ ಪದ ಹಿಡಿದುಕೊಂಡು ಹೊರಟರೆ ನಮ್ಮ ಕಡೆ ಒಂದು ಮನೆಯೂ ಪಾಸಾಗುವುದಿಲ್ಲ. ಮೂರು ತಲೆಮಾರು ಒಂದೇ ಸೂರಿನಡಿ, ಹನ್ನೆರಡು ವರ್ಷದ ಮಗು ಅಜ್ಜಿಯ ಪಕ್ಕ ಮಲಗುವುದು, ಸಂಬಳದ ದುಡ್ಡು ಅಮ್ಮನ ಕೈಗೆ ಕೊಡುವುದು. ಇದೆಲ್ಲ 'ಅತಿ ಅಂಟಿಕೆ'ಯಾ? ಮಿನುಚಿನ್ ಸ್ವತಃ 1974ರಲ್ಲೇ ಬರೆದಿದ್ದಾರೆ, ಎನ್‌ಮೆಶ್‌ಮೆಂಟ್, ಡಿಸ್‌ಎಂಗೇಜ್‌ಮೆಂಟ್ ಎಂಬ ಈ ಎರಡು ಪದ ಮನೆಯವರು ವ್ಯವಹರಿಸುವ ರೀತಿಯನ್ನು ಸೂಚಿಸುತ್ತವೆ, ಸರಿ–ತಪ್ಪನ್ನಲ್ಲ ಎಂದು. ತರಬೇತಿಯಲ್ಲಿ ಆ ಸಾಲು ಬಿದ್ದುಹೋಗಿ ಪದ ಮಾತ್ರ ಉಳಿಯಿತು.

ಹತ್ತಿರ ಇರುವುದನ್ನು ಅಳೆಯಬೇಡಿ, ಹತ್ತಿರ ಇದ್ದುಕೊಂಡು ಏನೇನು ಮಾಡಲಿಕ್ಕೆ ಆಗುತ್ತದೆ ಎಂದು ನೋಡಿ. ಈ ಮನೆಯಲ್ಲಿ ಒಬ್ಬರು "ನನಗೆ ಹಾಗೆ ಅನ್ನಿಸುವುದಿಲ್ಲ" ಎಂದರೆ ಮರುದಿನವೂ ಎಲ್ಲರೂ ಒಟ್ಟಿಗೆ ಉಣ್ಣುತ್ತಾರಾ? ಅಮ್ಮನಿಗೆ ಬೇಸರವಾದ ದಿನ ಮಗಳು ನಗಬಹುದಾ? ಮಗುವಿನ ಹೊಟ್ಟೆನೋವನ್ನು ಮಗುವಿನ ಬಾಯಿಂದಲೇ ಕೇಳಬಹುದಾ, ಅಥವಾ ಪ್ರತಿಸಲ ಬೇರೆಯವರೇ ಉತ್ತರಿಸುತ್ತಾರಾ? ಮೂರಕ್ಕೂ 'ಇಲ್ಲ' ಬಂದರೆ ಆಗ ಯೋಚಿಸಿ. ಮಲಗುವ ಚಾಪೆ ಎಣಿಸಿದರೆ ಏನೂ ಗೊತ್ತಾಗುವುದಿಲ್ಲ.

ಇದೇ ತಪ್ಪು ತಿರುಗಾ ಆಗುವುದು ಗಲ್ಫ್ ಮನೆಗಳಲ್ಲಿ. ಅಪ್ಪ ಎರಡು ವರ್ಷಕ್ಕೊಮ್ಮೆ ಬರುತ್ತಾನೆ ಎಂದ ಕೂಡಲೇ 'ಡಿಸ್‌ಎಂಗೇಜ್ಡ್ ಫಾದರ್' ಎಂದು ಬರೆದು ಮುಗಿಸುತ್ತಾರೆ. ಅಲ್ಲ. ಅವನು ದೇಹಕ್ಕೆ ದೂರ, ಮನೆಯ ಮಾತಿಗೆ ನಡುಮಧ್ಯೆ. ಕುಟುಂಬ ಸಂಶೋಧಕಿ ಪೌಲಿನ್ ಬಾಸ್ 'ಆಂಬಿಗ್ಯುಅಸ್ ಲಾಸ್' ಎಂದು ಕರೆದದ್ದು ಇಂಥದ್ದನ್ನೇ: ಅಗಲಿದ್ದಾರೋ ಇದ್ದಾರೋ ಎಂದು ಗೆರೆ ಎಳೆಯಲಾಗದ ಸ್ಥಿತಿ. 'ಮಸುಕು ಅಗಲಿಕೆ' ಎಂದೆಲ್ಲ ಕಾವ್ಯ ಮಾಡದೆ 'ಇದ್ದೂ ಇಲ್ಲದ ಅಪ್ಪ' ಎಂದುಬಿಡಿ, ಎಲ್ಲರಿಗೂ ಅರ್ಥ ಆಗುತ್ತದೆ.

ಆ ಮನೆಯ ಮುಕ್ಕೋನವನ್ನು ವಿವರವಾಗಿ ಹಾಕಿ, ಯಾಕೆಂದರೆ ಶಾಲೆಗೆ ಬರುವ ಪ್ರಕರಣಗಳಲ್ಲಿ ಇದು ಎದುರಾಗಿಯೇ ಆಗುತ್ತದೆ. ರಾತ್ರಿ ವಿಡಿಯೋ ಕಾಲ್. ಊರಿಗೆ ಮರಳುವುದು ಯಾವಾಗ, ಸಾಲ ಎಷ್ಟು ತೀರಿತು, ಅತ್ತೆಯ ಜೊತೆ ಹೇಗಿದೆ, ಇವು ಗಂಡ ಹೆಂಡತಿ ಮಾತಾಡಬೇಕಾದವು, ಮಾತಾಡಿದರೆ ಜಗಳ ಆಗುವಂಥವು. ಹಾಗಾಗಿ ಮಾತು ಮಗನ ಕಡೆ ತಿರುಗುತ್ತದೆ: "ಇವನು ಓದುವುದೇ ಇಲ್ಲ, ಮೊಬೈಲೇ." ಅಪ್ಪ ಅಲ್ಲಿಂದ ಗದರುತ್ತಾನೆ. ಕಾಲ್ ಮುಗಿಯುತ್ತದೆ, ಇಬ್ಬರಿಗೂ ಒಂದು ಕೆಲಸ ಮಾಡಿದ ಸಮಾಧಾನ. ಮಿನುಚಿನ್ ಇದನ್ನು ಡಿಟೂರಿಂಗ್ ಎಂದರು. ಬಳಸುದಾರಿ. ಮಗನನ್ನು ಬೈದು ಬಳಸುವುದು ಒಂದು ಬಗೆ. ಮಗುವಿಗೆ ಸದಾ ಕಾಯಿಲೆ ಎಂದು ಇಬ್ಬರೂ ಸೇರಿ ಆರೈಕೆ ಮಾಡಿ ಬಳಸುವುದು ಇನ್ನೊಂದು ಬಗೆ. ಎರಡನೆಯದು ಪ್ರೀತಿಯ ಹಾಗೇ ಕಾಣುವುದರಿಂದ ಕಣ್ಣಿಗೆ ಬೀಳುವುದಿಲ್ಲ. ಮೊದಲು ಮಾಡಬೇಕಾದ ಕೆಲಸ ಸಣ್ಣದು. ವಾರದಲ್ಲಿ ಎರಡು ಕಾಲ್ ಮಗನ ವಿಷಯ ಎತ್ತದೆ ಗಂಡ ಹೆಂಡತಿಗೆ ಮಾತ್ರ, ಒಂದು ಕಾಲ್ ಅಪ್ಪ ಮತ್ತು ಮಗನಿಗೆ ಮಾತ್ರ, ಅದರಲ್ಲಿ ಅಂಕದ ಮಾತು ಇಲ್ಲ. ಅಪ್ಪ ರಜೆಗೆ ಬರುವ ಮೊದಲೇ ಪ್ರೋಗ್ರೆಸ್ ಕಾರ್ಡಿಗೆ ಸಹಿ ಯಾರದು, ಮೊಬೈಲ್ ನಿಯಮ ಯಾರದು ಎಂದು ಇಬ್ಬರೂ ತೀರ್ಮಾನ ಮಾಡಿಕೊಳ್ಳುವುದು. ಇಲ್ಲವಾದರೆ ಮೊದಲ ವಾರ ಅಪ್ಪ ಅತಿಥಿ, ಎರಡನೇ ವಾರ ಯಜಮಾನ, ಮೂರನೇ ವಾರ ಮಹಾಯುದ್ಧ.

ಕುಂಬಳೆ_ಕೌನ್ಸಿಲರ್

ತುಂಬಾ ಉಪಕಾರ ಆಯಿತು. ತಡಮೆ, ಹಳೇ ಜಾಡು, ಬಳಸುದಾರಿ ಮೂರೂ ಕರಡಿಗೆ ಹೋದವು. ಜಿನೋಗ್ರಾಂ, ಅಂದರೆ ಮನೆಯ ತಲೆಮಾರುಗಳನ್ನೂ ಅವರ ಸಂಬಂಧಗಳನ್ನೂ ಚಿಹ್ನೆಗಳಲ್ಲಿ ಬರೆಯುವ ನಕ್ಷೆ, ಅದರ ಬಗ್ಗೆ ಯಾರೂ ಹೇಳಲಿಲ್ಲ. ಮುದ್ರಿತ ಮಾದರಿಗಳಲ್ಲಿ ಅಪ್ಪ ಎಡಕ್ಕೆ, ಅಮ್ಮ ಬಲಕ್ಕೆ, ಮಕ್ಕಳು ಕೆಳಗೆ. ಅಳಿಯಸಂತಾನದ (ತಾಯಿಯ ಕಡೆಯಿಂದ ವಂಶ ಎಣಿಸುವ) ಮನೆಗಳಲ್ಲಿ ತೀರ್ಮಾನ ಮಾಡುವ ಸೋದರಮಾವ ಹಾಳೆಯ ಯಾವುದೋ ಮೂಲೆಗೆ ಹೋಗಿಬಿಡುತ್ತಾರೆ. ಏನು ಮಾಡುವುದು?

ಅಡಿಕೆಸೋಗೆ

ಜಿನೋಗ್ರಾಂ ಸುಲಭ, ಆದರೆ ಅವಸರ ಮಾಡಿದರೆ ಕೆಡುತ್ತದೆ. ಎ3 ಹಾಳೆ ಅಡ್ಡಕ್ಕೆ, ಪೆನ್ಸಿಲ್, ರಬ್ಬರ್. ಪೆನ್ನು ಬೇಡ, ಮೊದಲ ಹೇಳಿಕೆ ಬದಲಾಗಿಯೇ ಆಗುತ್ತದೆ. ಒಂದೇ ಕೂತಲ್ಲಿ ಮಾಡಿದರೆ 45ರಿಂದ 60 ನಿಮಿಷ. ಶಾಲೆಯಲ್ಲಿ ಅಷ್ಟು ಹೊತ್ತು ಸಿಗುವುದಿಲ್ಲ, ಅರ್ಧ ಗಂಟೆಯಂತೆ ಎರಡು ಸಲ ಕೂತು ಮಾಡಿ.

ಚಿಹ್ನೆಗಳು: ಗಂಡಿಗೆ ಚೌಕ, ಹೆಣ್ಣಿಗೆ ವೃತ್ತ. ಯಾರ ವಿಷಯಕ್ಕೆ ಬಂದಿದ್ದಾರೋ ಅವರಿಗೆ ಜೋಡಿ ಗೆರೆ. ಈಗಿನ ವಯಸ್ಸು ಒಳಗೆ. ಹುಟ್ಟಿದ ವರ್ಷ ಮೇಲೆ ಎಡಕ್ಕೆ, ತೀರಿಹೋದ ವರ್ಷ ಮೇಲೆ ಬಲಕ್ಕೆ, ತೀರಿಹೋದವರ ಚಿಹ್ನೆಯೊಳಗೆ ಗುಣಾಕಾರ ಗುರುತು. ಮದುವೆಗೆ ಇಬ್ಬರನ್ನೂ ಕೆಳಗಿನಿಂದ ಜೋಡಿಸುವ ಗೆರೆ; ಬೇರೆ ಇದ್ದರೆ ಅದಕ್ಕೆ ಒಂದು ಓರೆ ಗೀಟು, ವಿಚ್ಛೇದನಕ್ಕೆ ಎರಡು. ಮಕ್ಕಳು ಆ ಗೆರೆಯಿಂದ ಇಳಿಯುತ್ತಾರೆ, ಹಿರಿಯರು ಎಡಕ್ಕೆ. ಕನಿಷ್ಠ ಮೂರು ತಲೆಮಾರು ಬೇಕು. ಇಷ್ಟಾದ ಮೇಲೆ ಬೇರೆ ಬಣ್ಣದ ಪೆನ್ಸಿಲ್‌ನಲ್ಲಿ ಸಂಬಂಧದ ಗೆರೆ: ಆತ್ಮೀಯರಿಗೆ ಎರಡು ಗೆರೆ, ಒಬ್ಬರಲ್ಲೊಬ್ಬರು ಕರಗಿದ್ದರೆ ಮೂರು, ದೂರ ಇದ್ದರೆ ಚುಕ್ಕಿಗೆರೆ, ಜಗಳಕ್ಕೆ ಅಂಕುಡೊಂಕು, ಮಾತು ಬಿಟ್ಟಿದ್ದರೆ ನಡುವೆ ತುಂಡಾದ ಗೆರೆ. ಸಂಬಂಧದ ಗೆರೆಯನ್ನು ಮೊದಲೇ ಎಳೆಯಲು ಹೋಗಬೇಡಿ. ಯಾರು ಯಾರು ಎಂದು ತಿಳಿಯುವ ಮೊದಲೇ ಜಗಳದ ಕಥೆ ಶುರುವಾಗಿ ಹಾಳೆ ಅರ್ಧಕ್ಕೆ ನಿಲ್ಲುತ್ತದೆ.

ಈಗ ಮಾವನ ವಿಷಯ. ಮೊದಲ ಎಡವಟ್ಟು ನಮ್ಮ ಪ್ರಶ್ನೆಯಲ್ಲೇ ಇದೆ. "ನಿಮ್ಮ ಕುಟುಂಬದಲ್ಲಿ ಎಷ್ಟು ಜನ?" ಎಂದು ಅಳಿಯಸಂತಾನದ ಮನೆಯಲ್ಲಿ ಕೇಳಿದರೆ ಅವರು ತಾಯಿಯ ಕಡೆಯ ಇಡೀ ಕುಟುಂಬವನ್ನು ಲೆಕ್ಕ ಹಾಕುತ್ತಾರೆ, ಉತ್ತರ ಅರವತ್ತೂ ಆಗಬಹುದು. ಅಪ್ಪ ಆ ಲೆಕ್ಕದಲ್ಲಿ ಇಲ್ಲದೆಯೂ ಇರಬಹುದು, ಅವರ ಕುಟುಂಬ ಬೇರೆ. "ಒಂದೇ ಒಲೆಯಲ್ಲಿ ಉಣ್ಣುವವರು ಎಷ್ಟು ಮಂದಿ?" ಎಂದು ಒಂದು ಸಲ ಕೇಳಿ, "ದೊಡ್ಡ ತೀರ್ಮಾನಕ್ಕೆ ಯಾರನ್ನು ಕೇಳುತ್ತೀರಿ?" ಎಂದು ಇನ್ನೊಂದು ಸಲ. ಎರಡು ಉತ್ತರಕ್ಕೆ ಎರಡು ಬಳಸುಗೆರೆ ಹಾಕಿ. ಒಲೆಯವರನ್ನು ಸುತ್ತುವರಿದು ಚುಕ್ಕಿಗೆರೆ, ಅದು ಎಲ್ಲ ಜಿನೋಗ್ರಾಂನಲ್ಲೂ ಇರುವುದೇ. ತೀರ್ಮಾನದವರನ್ನು ಸುತ್ತುವರಿದು ಬೇರೆ ಬಣ್ಣದ ಗೆರೆ, ಅದು ನೀವು ಸೇರಿಸುವುದು. ಹಾಳೆಯ ಅಂಚಿನಲ್ಲಿ ಅದರ ಅರ್ಥ ಬರೆದಿಡಿ. ತಾಯಿಯ ಕಡೆಗೆ ಹಾಳೆಯ ಮೂರರಲ್ಲಿ ಎರಡು ಭಾಗ ಬಿಡಿ. ಮಾವ ಆಗ ಮೂಲೆಗೆ ಹೋಗುವುದಿಲ್ಲ.

ಕಾಗದದ ಮೇಲೆ ಕೇರಳದಲ್ಲಿ ಅವಿಭಕ್ತ ಕುಟುಂಬ ಪದ್ಧತಿ 1975ರ ಕಾಯಿದೆಯಿಂದ ರದ್ದಾಯಿತು, ಆ ಕಾಯಿದೆ 1976ರ ಡಿಸೆಂಬರ್ 1ರಿಂದ ಜಾರಿಗೆ ಬಂತು. ಆಸ್ತಿಯ ಲೆಕ್ಕ ಬದಲಾಯಿತು. ಆದರೆ ತರವಾಡು ಎಂಬ ಮೂಲಮನೆಯ ದೈವದ ಕಾರ್ಯ, ಸೂತಕ, ಮದುವೆ ಮಾತುಕತೆಯಲ್ಲಿ ಯಾರನ್ನು ಕೇಳಬೇಕು ಎಂಬ ಲೆಕ್ಕ ಅಷ್ಟೇ ಬದಲಾಗಬೇಕೆಂದೇನಿಲ್ಲ. ಹುಡುಗನ ಶಾಲೆ ಬದಲಿಸುವುದು ಮಾವನ ಮಾತಿನಂತೆ ಆಗುವ ಮನೆಯಲ್ಲಿ ಅಪ್ಪನನ್ನು ಕರೆಸಿ "ನೀವು ಗಟ್ಟಿ ನಿಲ್ಲಬೇಕು" ಎಂದರೆ ಅವರಿಗೂ ಮುಜುಗರ, ನಿಮಗೂ ಕೆಲಸ ಆಗುವುದಿಲ್ಲ. ಮಿನುಚಿನ್ ಹೇಳುವ ಹೈರಾರ್ಕಿ ಎಂದರೆ ಅಪ್ಪನೇ ಮೇಲಿರಬೇಕು ಎಂದಲ್ಲ, ದೊಡ್ಡವರು ಯಾರೇ ಆಗಲಿ ಒಂದೇ ಮಾತಿನಲ್ಲಿದ್ದು ಮಕ್ಕಳ ಹೊಣೆ ಹೊತ್ತಿರಬೇಕು ಎಂದು. ಮಾವ ಮತ್ತು ಅಮ್ಮ ಆ ಜೋಡಿ ಆಗಬಹುದು.

ಇನ್ನೊಂದು, ಭಾಷೆ ಬರೆಯಿರಿ. ಯಾರು ಯಾರ ಹತ್ತಿರ ಯಾವ ಭಾಷೆ ಆಡುತ್ತಾರೆ ಎಂದು ಗೆರೆಯ ಮೇಲೆ ತು, ಕ, ಮ ಎಂದು ಒಂದಕ್ಷರ. ಅಜ್ಜಿಯ ಹತ್ತಿರ ತುಳು, ಅಪ್ಪನ ಹತ್ತಿರ ಮಲಯಾಳ, ಶಾಲೆಯಲ್ಲಿ ಕನ್ನಡ. ಯಾವ ಭಾಷೆಯಲ್ಲಿ ಮಗು ಬೈಸಿಕೊಳ್ಳುತ್ತದೆ, ಯಾವುದರಲ್ಲಿ ಸಮಾಧಾನ ಪಡೆಯುತ್ತದೆ ಎಂಬುದು ಅಲ್ಲೇ ಕಾಣಿಸಬಹುದು.

ಪಯಸ್ವಿನಿ

ಅಡಿಕೆಸೋಗೆಯವರದು ಪೂರ್ತಿ ಸರಿ. ಸೇರಿಸುವುದು ಒಂದೇ: ಹಾಳೆ ತುಂಬಿದ ಮೇಲೆ ವರ್ಷಗಳನ್ನು ಓದಿ. ಅಜ್ಜ ತೀರಿದ್ದು, ಅಪ್ಪ ಗಲ್ಫಿಗೆ ಹೋದದ್ದು, ಹುಡುಗ ಶಾಲೆ ತಪ್ಪಿಸಲು ಶುರುಮಾಡಿದ್ದು, ಮೂರೂ ಒಂದೇ ವರ್ಷದೊಳಗೆ ಬಿದ್ದಿದ್ದರೆ ಅದನ್ನು ಕೇಳಬೇಕು. ಕಾರಣ ಎಂದು ಹೇಳಬಾರದು, ಕೇಳಬೇಕು ಅಷ್ಟೇ.

ಬೋವೆನ್ ಹೇಳಿದ ಪ್ರೊಜೆಕ್ಷನ್ ಪ್ರೊಸೆಸ್ (ತಂದೆ ತಾಯಿಯ ಹೆದರಿಕೆ ಮಗುವಿಗೆ ದಾಟುವುದು) ಬಿಟ್ಟುಹೋಗಿತ್ತು, ಅದಕ್ಕೆ ಮೂರು ಹೆಜ್ಜೆ. ಮಗುವಿನಲ್ಲಿ ಏನೋ ಕೊರತೆ ಇದೆ ಎಂಬ ಹೆದರಿಕೆಯಿಂದ ತಾಯಿಯೋ ತಂದೆಯೋ ಅದರ ಮೇಲೆ ಕಣ್ಣಿಡುತ್ತಾರೆ. ಮಗು ಏನು ಮಾಡಿದರೂ ಆ ಹೆದರಿಕೆಗೆ ಸಾಕ್ಷಿಯಾಗಿ ಓದಿಕೊಳ್ಳುತ್ತಾರೆ. ಕೊರತೆ ಇದ್ದೇ ಇದೆ ಎಂಬಂತೆ ನಡೆಸಿಕೊಳ್ಳುತ್ತಾರೆ, ಮಗು ಹಾಗೆಯೇ ಆಗುತ್ತಾ ಬರುತ್ತದೆ. "ಇವನು ಅವನ ಚಿಕ್ಕಪ್ಪನ ಹಾಗೆ" ಎಂಬ ಒಂದು ಮಾತು ಸಿಕ್ಕಿತೆಂದರೆ ಜಿನೋಗ್ರಾಂನಲ್ಲಿ ಆ ಚಿಕ್ಕಪ್ಪನ ಹತ್ತಿರ ಹೋಗಿ ನಿಲ್ಲಿ.

ಶಿರಿಯ_ಹೊಳೆ

ಕೇಳುವ ರೀತಿಗೂ ಅರ್ಧ ಪುಟ ಇಡಿ ಮೇಡಂ. ಇಟಲಿಯ ಕುಟುಂಬ ಚಿಕಿತ್ಸಕರ ಮಿಲಾನ್ ಗುಂಪು, ಅಂದರೆ ಸೆಲ್ವಿನಿ ಪಲಾಝೊಲಿ, ಬೊಸ್ಕೊಲೊ, ಚೆಕ್ಕಿನ್, ಪ್ರಾಟಾ, 1980ರಲ್ಲಿ ಮೂರು ಸೂತ್ರ ಕೊಟ್ಟರು: ಊಹೆ ಇಟ್ಟುಕೊಂಡು ಹೋಗುವುದು, ಸುತ್ತುಪ್ರಶ್ನೆ ಕೇಳುವುದು, ಯಾರ ಪಕ್ಷವನ್ನೂ ವಹಿಸದಿರುವುದು. ಸುತ್ತುಪ್ರಶ್ನೆ ಎಂದರೆ ಒಬ್ಬರ ಬಗ್ಗೆ ಇನ್ನೊಬ್ಬರನ್ನು, ಅದೂ ಎಲ್ಲರ ಎದುರೇ ಕೇಳುವುದು. "ನೀನು ಯಾಕೆ ಶಾಲೆಗೆ ಬರುವುದಿಲ್ಲ?" ಎಂದರೆ ತಲೆ ತಗ್ಗುತ್ತದೆ, ಅಲ್ಲಿಗೆ ಮುಗಿಯಿತು. "ಅಣ್ಣ ಶಾಲೆಗೆ ಹೋಗದ ದಿನ ಮನೆಯಲ್ಲಿ ಮೊದಲು ಗೊತ್ತಾಗುವುದು ಯಾರಿಗೆ? ಆಮೇಲೆ ಅವರು ಯಾರಿಗೆ ಹೇಳುತ್ತಾರೆ?" ಎಂದು ತಂಗಿಯನ್ನು ಕೇಳಿ. "ಅವನ ಬಗ್ಗೆ ಹೆಚ್ಚು ಚಿಂತೆ ಯಾರಿಗೆ, ಆಮೇಲೆ ಯಾರಿಗೆ?" ಇದು ಸಾಲಾಗಿ ನಿಲ್ಲಿಸುವ ಪ್ರಶ್ನೆ. "ಅಜ್ಜಿ ಆಸ್ಪತ್ರೆಗೆ ಸೇರುವ ಮೊದಲು ಹೆಚ್ಚೋ, ಆಮೇಲೆ ಹೆಚ್ಚೋ?" ಇದು ಮೊದಲು–ನಂತರದ್ದು. "ನಾಳೆಯಿಂದ ಅವನು ದಿನಾ ಬಂದರೆ ಮನೆಯಲ್ಲಿ ಮಾತಾಡಲಿಕ್ಕೆ ಬೇರೆ ಯಾವ ವಿಷಯ ಉಳಿಯುತ್ತದೆ?" ಇದಕ್ಕೆ ಬರುವ ಮೌನವನ್ನು ಐದಾರು ಸೆಕೆಂಡು ತುಂಬಿಸಬೇಡಿ.

ತಪ್ಪುವುದು ಎಲ್ಲಿ ಎಂದರೆ, ಒಂದರ ಮೇಲೊಂದು ಎಂಟು ಪ್ರಶ್ನೆ ಹಾಕಿದರೆ ಪೊಲೀಸ್ ವಿಚಾರಣೆ ಆಗುತ್ತದೆ. ಪ್ರತಿ ಉತ್ತರದಿಂದಲೇ ಮುಂದಿನ ಪ್ರಶ್ನೆ ಹುಟ್ಟಬೇಕು.

ಬದಿಯಡ್ಕ_ಬಸ್‌ಸ್ಟ್ಯಾಂಡ್

'ಯಾರ ಪಕ್ಷವನ್ನೂ ವಹಿಸದಿರುವುದು' ಎಂದು ಬರೆದು ಅಲ್ಲೇ ನಿಲ್ಲಿಸಬೇಡಿ. ಈ ವಿಚಾರದ ದೊಡ್ಡ ತೂತು ಅದೇ. ಎಲ್ಲವೂ ಎಲ್ಲರ ನಡುವೆ ಸುತ್ತುತ್ತದೆ ಎಂದರೆ ಹೊಡೆಯುವವನೂ ಹೊಡೆಸಿಕೊಳ್ಳುವವಳೂ ಸಮಪಾಲುದಾರರು ಎಂದಾಗುತ್ತದೆ. 1978ರಲ್ಲಿ ರೇಚಲ್ ಹೇರ್-ಮಸ್ಟಿನ್, ಆಮೇಲೆ 1985ರಲ್ಲಿ ವರ್ಜೀನಿಯಾ ಗೋಲ್ಡ್‌ನರ್ ಸ್ತ್ರೀವಾದದ ನೆಲೆಯಿಂದ ಈ ಕ್ಷೇತ್ರವನ್ನೇ ಪ್ರಶ್ನಿಸಿದರು. ಮನೆಯಲ್ಲಿ ಹೊಡೆತ ಇದೆ ಎಂಬ ಸುಳಿವು ಸಿಕ್ಕರೆ ಎಲ್ಲರನ್ನೂ ಒಟ್ಟಿಗೆ ಕೂರಿಸುವುದೇ ಬೇಡ. ಕೂತಲ್ಲಿ ಹೇಳಿದ ಸತ್ಯಕ್ಕೆ ರಾತ್ರಿ ಮನೆಯಲ್ಲಿ ಬೆಲೆ ತೆರಬೇಕಾಗುತ್ತದೆ. ಹಾಗಾಗಿ ಮೊದಲ ಭೇಟಿಯಲ್ಲೇ ಪ್ರತಿಯೊಬ್ಬರನ್ನೂ ಹತ್ತು ನಿಮಿಷ ಬೇರೆಬೇರೆಯಾಗಿ ಕಾಣುವುದನ್ನು ನಿಯಮ ಮಾಡಿ. ಎಲ್ಲರಿಗೂ ಮಾಡಿದರೆ ಯಾರಿಗೂ ಸಂಶಯ ಬರುವುದಿಲ್ಲ.

ಮಗುವಿನ ಮೇಲೆ ಲೈಂಗಿಕ ದೌರ್ಜನ್ಯದ ವಿಷಯ ಬಂದರೆ 2012ರ ಪೋಕ್ಸೋ ಕಾಯಿದೆಯ 19ನೇ ಸೆಕ್ಷನ್ ಪ್ರಕಾರ ಪೊಲೀಸರಿಗೆ ತಿಳಿಸಲೇಬೇಕು. "ಮನೆಯವರ ಜೊತೆ ಮಾತಾಡಿ ನೋಡೋಣ" ಎಂಬುದಕ್ಕೆ ಅಲ್ಲಿ ಜಾಗವೇ ಇಲ್ಲ. ಮಕ್ಕಳಿಗೆ 1098, ತುರ್ತಿಗೆ 112, ಮಹಿಳೆಯರಿಗೆ 181, ಮಾನಸಿಕ ಆರೋಗ್ಯಕ್ಕೆ ಟೆಲಿ ಮಾನಸ್ 14416, ಇವು ಕೈಪಿಡಿಯ ಹಿಂಬದಿ ರಟ್ಟಿನಲ್ಲಿ ದೊಡ್ಡದಾಗಿ ಇರಲಿ.

ಮತ್ತೊಂದು. ಸ್ಕಿಜೋಫ್ರೇನಿಯಾಗೆ ತಾಯಿಯೇ ಕಾರಣ ಎಂಬ ಮಾತು 1948ರ ಸುಮಾರಿಗೆ ಹುಟ್ಟಿತು, 1956ರ ಡಬಲ್ ಬೈಂಡ್ (ಒಂದಕ್ಕೊಂದು ವಿರುದ್ಧವಾದ ಮಾತುಗಳ ನಡುವೆ, ಏನು ಮಾಡಿದರೂ ತಪ್ಪಾಗುವ ಹಾಗೆ ಸಿಲುಕುವುದು) ವಾದವೂ ಮನೆಯ ಮಾತುಕತೆಯಲ್ಲೇ ರೋಗದ ಮೂಲ ಹುಡುಕಿತು. ಎರಡೂ ಕಾರಣವಾಗಿ ನಿಲ್ಲಲಿಲ್ಲ, ಆದರೆ ಎಷ್ಟೋ ತಾಯಂದಿರು ಆ ಆಪಾದನೆ ಹೊತ್ತರು. ಡಬಲ್ ಬೈಂಡ್ ಅನ್ನು ಪಾರಿಭಾಷಿಕ ಪಟ್ಟಿಯಲ್ಲಿ ಇಡುವುದಾದರೆ ಈ ಸಾಲೂ ಇರಲಿ. ಮನೆಯವರನ್ನು ಚಿಕಿತ್ಸೆಯ ಜೊತೆಗಾರರಾಗಿ ನೋಡುವುದು ನಮಗೆ ಹೊರಗಿಂದ ಬರಬೇಕಾದ್ದೂ ಅಲ್ಲ: ಅಮೃತಸರದ ಆಸ್ಪತ್ರೆಯಲ್ಲಿ ಡಾ. ವಿದ್ಯಾಸಾಗರ್ 1950ರ ದಶಕದಲ್ಲೇ ಆವರಣದಲ್ಲಿ ಡೇರೆ ಹಾಕಿಸಿ ಮನೆಯವರನ್ನೂ ಉಳಿಸಿಕೊಂಡಿದ್ದರು. ಬೆಂಗಳೂರಿನ ನಿಮ್ಹಾನ್ಸ್‌ನಲ್ಲಿ ಫ್ಯಾಮಿಲಿ ಸೈಕಿಯಾಟ್ರಿಗೆಂದೇ ವಿಭಾಗ ಉಂಟು. ಶಾಲೆಯಲ್ಲಿ ಎರಡು ಮೂರು ಭೇಟಿಯಲ್ಲಿ ಆಗುವಂಥದ್ದಲ್ಲ ಎನಿಸಿದರೆ ಕಳುಹಿಸಬೇಕು.

ಕುಂಬಳೆ_ಕೌನ್ಸಿಲರ್

ಬೇರೆಬೇರೆ ಹತ್ತು ನಿಮಿಷ ಎಂಬುದನ್ನು ಮೊದಲ ಪುಟಕ್ಕೇ ತಂದೆ. ಕೊನೆಯ ಸಣ್ಣ ಪ್ರಶ್ನೆ: ಬೋವೆನ್ ಅವರ ಎಂಟು ಪರಿಕಲ್ಪನೆಗಳಲ್ಲಿ ಸಿಬ್ಲಿಂಗ್ ಪೊಸಿಷನ್ (ಮಕ್ಕಳಲ್ಲಿ ಎಷ್ಟನೆಯವರು ಎಂಬುದು) ಕೂಡ ಉಂಟಲ್ಲ, ಅದಕ್ಕೆ ಎಷ್ಟು ಜಾಗ ಕೊಡಲಿ?

ಅಡಿಕೆಸೋಗೆ

ಎರಡು ಸಾಲು. ಅದನ್ನು ಬೋವೆನ್ ಮನಶ್ಶಾಸ್ತ್ರಜ್ಞ ವಾಲ್ಟರ್ ಟೋಮನ್ ಅವರಿಂದ ತೆಗೆದುಕೊಂಡದ್ದು. ಹಿರಿಯ ಮಗಳು ಎಂದ ಕೂಡಲೇ ಸ್ವಭಾವ ಹೇಳಲು ಹೋದರೆ ಜಾತಕ ಓದಿದ ಹಾಗಾಗುತ್ತದೆ. ಉಳಿದ ಜಾಗವನ್ನು ಮುಕ್ಕೋನಕ್ಕೆ ಕೊಡಿ, ಚಿತ್ರ ಸಮೇತ. ಚಿತ್ರದ ಮೂರನೆಯ ಮೂಲೆಯಲ್ಲಿ ಒಂದು ಸಲ ಮಗುವನ್ನು, ಇನ್ನೊಂದು ಸಲ ಅಜ್ಜಿಯನ್ನು, ಮತ್ತೊಂದು ಸಲ ಕೌನ್ಸಿಲರನ್ನು ಕೂರಿಸಿ.